ಒಂದು ಟೆಸ್ಟ್ ಸ್ಕ್ರಿಪ್ಟ್, ನಾಲ್ಕು ಬಿಲ್ಡ್ ಯಂತ್ರ: ಕನ್ನಡ ಪಠ್ಯ ಲೈಬ್ರರಿಗೆ ಜೆಂಕಿನ್ಸ್ ಜೋಡಿಸಿದ ಕ್ರಮ

ಪೈಥಾನ್‌ನಲ್ಲಿ ಬರೆದ ಕನ್ನಡ ಪಠ್ಯ ಲೈಬ್ರರಿಯೊಂದಕ್ಕೆ ಮಾಡಿದ ಕೆಲಸ ಇದು. ಯೂನಿಕೋಡ್ ಪಠ್ಯವನ್ನು ಒಂದೇ ರೂಪಕ್ಕೆ ತರುವುದು, ಅಕಾರಾದಿಯಾಗಿ ವಿಂಗಡಿಸುವುದು, ಕನ್ನಡ ಹೆಸರಿನ ಫೈಲ್‌ಗಳನ್ನು ಓದಿ ಬರೆಯುವುದು, ಒತ್ತಕ್ಷರಗಳ ಜೋಡಣೆ ಪರೀಕ್ಷಿಸುವುದು ಲೈಬ್ರರಿಯ ಕೆಲಸ. ಟೆಸ್ಟ್‌ಗಳೆಲ್ಲ ಬರೆದವರ ಲ್ಯಾಪ್‌ಟಾಪ್‌ನಲ್ಲಿ ಪಾಸಾಗುತ್ತಿದ್ದವು, ಬಳಸುವವರ ವಿಂಡೋಸ್‌ನಲ್ಲಿ ಲೈಬ್ರರಿ ಮುಗ್ಗರಿಸುತ್ತಿತ್ತು. ಹಾಗಾಗಿ ಪ್ರತಿ ಕಮಿಟ್‌ಗೂ (ಕೋಡ್‌ನ ದಾಖಲೆ ಇಡುವ ಗಿಟ್‌ಗೆ ಸೇರುವ ಪ್ರತಿ ಬದಲಾವಣೆಗೂ) ಲಿನಕ್ಸ್, ವಿಂಡೋಸ್, ಮ್ಯಾಕ್ ಮೂರರಲ್ಲೂ ಪೈಥಾನ್‌ನ ಟೆಸ್ಟ್ ಓಡಿಸುವ ಉಪಕರಣ ಪೈಟೆಸ್ಟ್ ಓಡಬೇಕಿತ್ತು. ಹಲವು ಯಂತ್ರಗಳಲ್ಲಿ ಹೀಗೆ ತಾನೇ ಓಡಿಸುವ ಸರ್ವರ್ ಜೆಂಕಿನ್ಸ್. ಇಂಥ ಒಂದು ಓಟವೇ ಬಿಲ್ಡ್; ಪಾಸಾದರೆ ಹಸಿರು, ಬಿದ್ದರೆ ಕೆಂಪು. ಮಾಡಿದ್ದನ್ನು ಮಾಡಿದ ಕ್ರಮದಲ್ಲೇ ಬರೆದಿದೆ, ಕೆಟ್ಟದ್ದನ್ನೂ ಸೇರಿಸಿ.

1. ಯಂತ್ರಗಳು, ಖರ್ಚು

ಕಂಟ್ರೋಲರ್ (ಕೆಲಸ ಹಂಚುವ ಜೆಂಕಿನ್ಸ್ ಯಂತ್ರ): ಉಬುಂಟು 24.04 ಹಾಕಿದ ಹಳೆಯ ಡೆಸ್ಕ್‌ಟಾಪ್, 16 ಜಿಬಿ ಮೆಮೊರಿ. ಇದರ ಎಕ್ಸಿಕ್ಯೂಟರ್ (ಒಂದೇ ಹೊತ್ತಿಗೆ ಓಡಬಲ್ಲ ಬಿಲ್ಡ್) ಸಂಖ್ಯೆಯನ್ನು 0 ಮಾಡಬೇಕು. ಕಂಟ್ರೋಲರ್ ಮೇಲೆಯೇ ಬಿಲ್ಡ್ ಓಡಿದರೆ ಒಂದು ಕೆಟ್ಟ ಸ್ಕ್ರಿಪ್ಟ್ ಜೆಂಕಿನ್ಸ್‌ನ ಸ್ವಂತ ಫೈಲ್‌ಗಳನ್ನೇ ಮುಟ್ಟಬಹುದು.

ಏಜೆಂಟ್‌ಗಳು (ಬಿಲ್ಡ್ ಓಡಿಸುವ ಯಂತ್ರಗಳು): ಇನ್ನೊಂದು ಉಬುಂಟು 24.04 ಡೆಸ್ಕ್‌ಟಾಪ್, ಉಬುಂಟು 22.04 ಇರುವ ಬಾಡಿಗೆ ಕ್ಲೌಡ್ ಸರ್ವರ್, ವಿಂಡೋಸ್ 11 ಪಿಸಿ, ಎಂ1 ಮ್ಯಾಕ್ ಮಿನಿ. ಎರಡು ಲಿನಕ್ಸ್ ಆವೃತ್ತಿಗಳನ್ನು ಬೇಕೆಂದೇ ಇಟ್ಟದ್ದು. ಕಾರಣ 6ನೇ ಹಂತದಲ್ಲಿದೆ.

ಸಾಫ್ಟ್‌ವೇರ್‌ಗೆ ಕಾಸಿಲ್ಲ. ವಿಂಡೋಸ್ ಪಿಸಿಗೆ 500 ಜಿಬಿ ಎಸ್‌ಎಸ್‌ಡಿ ಸುಮಾರು 3,500 ರೂಪಾಯಿ, 5 ಪೋರ್ಟ್‌ನ ಗಿಗಾಬಿಟ್ ಸ್ವಿಚ್ ಮತ್ತು ಕೇಬಲ್‌ಗೆ ಸುಮಾರು 1,800, 600 ವಿಎ ಯುಪಿಎಸ್‌ಗೆ ಸುಮಾರು 3,500 ಆಗಿತ್ತು. ಯುಪಿಎಸ್ ಇದ್ದರೂ ಕರೆಂಟು ಹೆಚ್ಚು ಹೊತ್ತು ಹೋದರೆ ಯಂತ್ರ ಆರುತ್ತದೆ. ಕರೆಂಟು ಬಂದಾಗ ತಾನೇ ಏಳಬೇಕಾದರೆ ಪಿಸಿಗಳ ಬಯೋಸ್‌ನಲ್ಲಿ ವಿದ್ಯುತ್ ಮರಳಿದಾಗ ಆನ್ ಆಗುವ ಆಯ್ಕೆ, ಮ್ಯಾಕ್‌ನಲ್ಲಿ ಪಿಎಂಸೆಟ್ ಕಮಾಂಡ್‌ನ ಆಟೋರೀಸ್ಟಾರ್ಟ್ 1. ಜೊತೆಗೆ ಅದೇ ಕಮಾಂಡ್‌ನಿಂದ ಸ್ಲೀಪ್ 0. ಮ್ಯಾಕ್‌ನಲ್ಲಿ ಫೈಲ್‌ವಾಲ್ಟ್ (ಡಿಸ್ಕ್‌ಗೆ ಹಾಕುವ ಗೂಢಲಿಪಿಯ ಬೀಗ) ಹಾಕಿದ್ದರೆ ರೀಸ್ಟಾರ್ಟ್ ನಂತರ ಅದು ಪಾಸ್‌ವರ್ಡ್‌ಗೆ ಕಾಯುತ್ತಾ ನಿಲ್ಲುತ್ತದೆ, ಏಜೆಂಟ್ ಮರಳಿ ಸೇರುವುದಿಲ್ಲ. ಬಿಲ್ಡ್‌ಗೆಂದೇ ಮೀಸಲಿಟ್ಟ, ಬೀಗ ಹಾಕಿದ ಕೋಣೆಯ ಯಂತ್ರವಾದ್ದರಿಂದ ಇಲ್ಲಿ ಅದನ್ನು ತೆಗೆದಿದೆ.

2. ಏಜೆಂಟ್ ಜೋಡಣೆ

ಜೆಂಕಿನ್ಸ್ ಓಡುವುದು ಜಾವಾ ಮೇಲೆ. ಅದರ ಎಲ್‌ಟಿಎಸ್ (ದೀರ್ಘಾವಧಿ ಬೆಂಬಲದ) ಆವೃತ್ತಿ 2.479.1ರಿಂದ ಮುಂದಕ್ಕೆ ಕಂಟ್ರೋಲರ್‌ಗಷ್ಟೇ ಅಲ್ಲ, ಏಜೆಂಟ್‌ಗಳಿಗೂ ಜಾವಾ 17 ಅಥವಾ ಹೆಚ್ಚಿನದು ಬೇಕು. ಕ್ಲೌಡ್ ಸರ್ವರ್‌ನಲ್ಲಿ ಜಾವಾ 11 ಉಳಿದಿತ್ತು. ಕ್ಲಾಸ್ ಫೈಲ್ ಆವೃತ್ತಿ 61.0, ತನಗೆ ಗೊತ್ತಿರುವುದು 55.0ವರೆಗೆ ಎಂದು ಹೇಳಿ ಏಜೆಂಟ್ ಸತ್ತಿತು. 61 ಅಂದರೆ ಜಾವಾ 17, 55 ಅಂದರೆ ಜಾವಾ 11. ಎಲ್ಲ ಯಂತ್ರಗಳಿಗೂ ಜಾವಾ 21 ಹಾಕಿದ ಮೇಲೆ ಈ ತಕರಾರು ಮುಗಿಯಿತು.

ಲಿನಕ್ಸ್ ಮತ್ತು ಮ್ಯಾಕ್‌ಗೆ ಎಸ್‌ಎಸ್‌ಎಚ್ (ದೂರದ ಯಂತ್ರಕ್ಕೆ ಸುರಕ್ಷಿತ ಲಾಗಿನ್) ಮೂಲಕ ಕಂಟ್ರೋಲರ್ ತಾನೇ ಹೋಗಿ ಏಜೆಂಟ್ ಎಬ್ಬಿಸುತ್ತದೆ. ವಿಂಡೋಸ್ ಮಾತ್ರ ಒಳಬರುವ ಏಜೆಂಟ್ (ತಾನೇ ಕಂಟ್ರೋಲರ್ ಅನ್ನು ಸಂಪರ್ಕಿಸುವುದು), ಸರ್ವೀಸ್ ಆಗಿ ಓಡುತ್ತದೆ. ವೆಬ್‌ಸಾಕೆಟ್ ಆಯ್ಕೆ ಹಾಕಿದರೆ 50000 ಪೋರ್ಟ್ ತೆರೆಯುವ ಕೆಲಸ ತಪ್ಪುತ್ತದೆ. ಸರ್ವೀಸ್ ಮೊದಲಿಗೆ ಲೋಕಲ್‌ಸಿಸ್ಟಮ್ ಖಾತೆಯಲ್ಲಿ ಓಡುತ್ತದೆ, ನೀವು ಲಾಗಿನ್ ಆಗಿ ಹೊಂದಿಸಿದ ಗಿಟ್ ಕೀಲಿ ಅದಕ್ಕೆ ಕಾಣುವುದಿಲ್ಲ. ಬಿಲ್ಡ್‌ಗೆ ಪ್ರತ್ಯೇಕ ಬಳಕೆದಾರ ಖಾತೆ ಮಾಡಿ, ಸರ್ವೀಸ್ ಆ ಖಾತೆಯಲ್ಲಿ ಓಡುವಂತೆ ಬದಲಿಸಿ. ಸರ್ವೀಸ್‌ಗೆ ಡೆಸ್ಕ್‌ಟಾಪ್ ಇಲ್ಲ, ಆದ್ದರಿಂದ ಕಿಟಕಿ ತೆರೆಯುವ ಟೆಸ್ಟ್‌ಗಳು ಇಲ್ಲಿ ನಡೆಯವು.

ಮ್ಯಾಕ್‌ನಲ್ಲಿ ಮೊದಲ ಬಿಲ್ಡ್ 127 ಸಂಖ್ಯೆಯೊಂದಿಗೆ ಬಿತ್ತು, ಅಂದರೆ ಕಮಾಂಡ್ ಸಿಕ್ಕಿಲ್ಲ. ಆಪಲ್ ಸಿಲಿಕಾನ್‌ನಲ್ಲಿ ಹೋಂಬ್ರೂ (ಮ್ಯಾಕ್‌ಗೆ ಸಾಫ್ಟ್‌ವೇರ್ ಹಾಕುವ ಉಪಕರಣ) ತನ್ನದೆಲ್ಲವನ್ನೂ ಆಪ್ಟ್ ಫೋಲ್ಡರ್‌ನ ಕೆಳಗೆ ಇಡುತ್ತದೆ. ಎಸ್‌ಎಸ್‌ಎಚ್‌ನ ಸಂವಾದರಹಿತ ಶೆಲ್‌ಗೆ ಆ ದಾರಿ ಗೊತ್ತಿಲ್ಲ, ಏಕೆಂದರೆ ಆಗ ಮ್ಯಾಕ್‌ನ ಕಮಾಂಡ್ ಶೆಲ್ ಆದ ಝಡ್‌ಶೆಲ್ ಓದುವುದು ಝಡ್‌ಶೆನ್ವ್ ಫೈಲ್ ಒಂದನ್ನೇ. ಝಡ್‌ಶ್‌ಆರ್‌ಸಿಯಲ್ಲಿ ಏನು ಬರೆದಿದ್ದರೂ ವ್ಯರ್ಥ. ನೋಡ್ (ಏಜೆಂಟ್ ಯಂತ್ರ) ಸೆಟ್ಟಿಂಗ್‌ನಲ್ಲಿ ಪಾತ್ (ಕಮಾಂಡ್ ಹುಡುಕುವ ದಾರಿಗಳ ಪಟ್ಟಿ) ವೇರಿಯಬಲ್‌ನ ಹೆಸರಿಗೆ ಕೂಡಿಸು ಚಿಹ್ನೆ ಸೇರಿಸಿ ಕೊಟ್ಟರೆ ಹಳೆಯ ದಾರಿಗಳ ಮುಂದೆ ಹೊಸದು ಸೇರುತ್ತದೆ. ಇಡೀ ಪಾತ್ ಅನ್ನು ಹೊಸದಾಗಿ ಬರೆಯಲು ಹೋಗಬೇಡಿ, ಇರುವುದೂ ಹೋಗುತ್ತದೆ.

3. ತರ್ಕವೆಲ್ಲ ಒಂದು ಪೈಥಾನ್ ಫೈಲಿಗೆ

ಮೊದಲ ಜೆಂಕಿನ್ಸ್‌ಫೈಲ್‌ನಲ್ಲಿ (ಬಿಲ್ಡ್‌ನ ಹಂತಗಳನ್ನು ಬರೆಯುವ ಫೈಲ್) ಲಿನಕ್ಸ್‌ಗೊಂದು ಶೆಲ್ ತುಂಡು, ವಿಂಡೋಸ್‌ಗೊಂದು ಬ್ಯಾಚ್ ತುಂಡು ಇತ್ತು. ಎರಡರಲ್ಲೂ ಒಂದೇ ಬಗೆಯ ಪಿಡುಗು ಅಡಗಿತ್ತು: ಟೆಸ್ಟ್ ಬಿದ್ದರೂ ಬಿಲ್ಡ್ ಹಸಿರು.

ಬ್ಯಾಚ್‌ನಲ್ಲಿ ಮೊದಲ ಸಾಲು ವರ್ಚುವಲ್ ಎನ್ವಿರಾನ್‌ಮೆಂಟ್‌ನ ಆ್ಯಕ್ಟಿವೇಟ್ ಬ್ಯಾಚ್ ಫೈಲ್ ಕರೆಯುವುದು, ಎರಡನೆಯದು ಪೈಟೆಸ್ಟ್. ಒಂದು ಬ್ಯಾಚ್ ಫೈಲ್ ಇನ್ನೊಂದನ್ನು ಕಾಲ್ ಪದ ಹಾಕದೆ ಓಡಿಸಿದರೆ ಹಿಡಿತ ಮರಳಿ ಬರುವುದೇ ಇಲ್ಲ. ಆ್ಯಕ್ಟಿವೇಟ್ ಯಶಸ್ವಿಯಾಗಿ ಮುಗಿಯಿತು, ಬಿಲ್ಡ್ ಹಸಿರಾಯಿತು, ಪೈಟೆಸ್ಟ್ ಓಡಲೇ ಇಲ್ಲ. ಕಾಲ್ ಸೇರಿಸಿದರೂ ಇನ್ನೊಂದು ತೊಡಕು ಉಳಿಯುತ್ತದೆ: ಹಲವು ಸಾಲಿನ ಬ್ಯಾಚ್‌ನಲ್ಲಿ ನಡುವಿನ ಸಾಲು ಬಿದ್ದರೂ ಮುಂದಿನದು ಓಡುತ್ತದೆ, ಜೆಂಕಿನ್ಸ್ ನೋಡುವುದು ಕೊನೆಯ ಫಲಿತಾಂಶವನ್ನು.

ಶೆಲ್‌ನಲ್ಲಿ ಪೈಟೆಸ್ಟ್‌ನ ಔಟ್‌ಪುಟ್ ಅನ್ನು ಪೈಪ್ ಮಾಡಿ, ಪರದೆಗೂ ಫೈಲಿಗೂ ಒಟ್ಟಿಗೆ ಬರೆಯುವ ಟೀ ಕಮಾಂಡ್‌ಗೆ ಕೊಟ್ಟಿತ್ತು. ಪೈಪ್‌ನ ಫಲಿತಾಂಶವೆಂದರೆ ಟೀಯ ಫಲಿತಾಂಶ. ಟೀ ಯಾವಾಗಲೂ ಗೆಲ್ಲುತ್ತದೆ.

ಇವನ್ನು ಒಂದೊಂದಾಗಿ ತೇಪೆ ಹಾಕುವ ಬದಲು ತರ್ಕವನ್ನೆಲ್ಲ ಒಂದು ಪೈಥಾನ್ ಫೈಲಿಗೆ ಸಾಗಿಸಿದೆ. ಜೆಂಕಿನ್ಸ್‌ಫೈಲ್‌ನಲ್ಲಿ ಉಳಿದದ್ದು ಮ್ಯಾಟ್ರಿಕ್ಸ್ (ಯಾವ ಯಂತ್ರಗಳಲ್ಲಿ ಓಡಬೇಕೆಂಬ ಪಟ್ಟಿ) ಮತ್ತು ಒಂದೇ ಒಂದು ಸಾಲಿನ ಕಮಾಂಡ್: ಯುವಿ ರನ್, ಮುಂದೆ ಆ ಫೈಲ್. ಪೈಥಾನ್ ಮತ್ತು ಪ್ಯಾಕೇಜ್‌ಗಳನ್ನು ನಿಭಾಯಿಸುವ ಉಪಕರಣವಾದ ಯುವಿ ಎಲ್ಲ ಯಂತ್ರಗಳಲ್ಲೂ ಪೈಥಾನ್ 3.12 ಅನ್ನೇ ತರುತ್ತದೆ (ಉಬುಂಟು 22.04ರ ಜೊತೆ ಬರುವುದು 3.10), ಅದರ ಲಾಕ್ ಫೈಲ್ (ಪ್ಯಾಕೇಜ್‌ಗಳ ನಿಖರ ಆವೃತ್ತಿಗಳ ಪಟ್ಟಿ) ಮೂರೂ ಆಪರೇಟಿಂಗ್ ಸಿಸ್ಟಮ್‌ಗಳಿಗೆ ಒಂದೇ. ಲಾಕ್ಡ್ ಆಯ್ಕೆ ಹಾಕಿ, ಫ್ರೋಜನ್ ಅಲ್ಲ. ಲಾಕ್ ಫೈಲ್ ಹಳತಾಗಿದ್ದರೆ ಲಾಕ್ಡ್ ಅಲ್ಲೇ ನಿಲ್ಲಿಸುತ್ತದೆ, ಫ್ರೋಜನ್ ಅದನ್ನು ನೋಡುವ ಗೋಜಿಗೇ ಹೋಗುವುದಿಲ್ಲ.

ಈ ಫೈಲ್ ಮೊದಲು ಮಾಡುವ ಕೆಲಸ ಯಂತ್ರದ ಗುರುತಿನ ಚೀಟಿಯನ್ನು ಲಾಗ್‌ಗೆ ಬರೆಯುವುದು: ಆಪರೇಟಿಂಗ್ ಸಿಸ್ಟಮ್, ಪೈಥಾನ್ ಆವೃತ್ತಿ, ಲೊಕೇಲ್ (ಭಾಷೆ, ಪ್ರದೇಶದ ಸೆಟ್ಟಿಂಗ್), ಫೈಲ್ ಮತ್ತು ಔಟ್‌ಪುಟ್ ಎನ್‌ಕೋಡಿಂಗ್, ಟೈಮ್‌ಜೋನ್, ಲಿನಕ್ಸ್ ಆದರೆ ಜಿಲಿಬ್‌ಸಿ (ಲಿನಕ್ಸ್‌ನ ಮೂಲ ಸಿ ಲೈಬ್ರರಿ) ಆವೃತ್ತಿ, ಫಾಂಟ್ ಫೈಲಿನ ಹ್ಯಾಶ್ (ಬೆರಳಚ್ಚಿನಂಥ ಗುರುತು). ಹತ್ತು ಸಾಲಿನೊಳಗೆ ಮುಗಿಯುತ್ತದೆ. ಒಂದು ಯಂತ್ರದಲ್ಲಿ ಪಾಸ್, ಇನ್ನೊಂದರಲ್ಲಿ ಫೇಲ್ ಆದಾಗ ಎರಡು ಚೀಟಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಮುಂದಿನ ಹಂತಗಳ ಬಹುಪಾಲು ದೋಷಗಳು ಹಾಗೆಯೇ ಸಿಕ್ಕಿದವು.

4. ಎನ್‌ಕೋಡಿಂಗ್

ಎನ್‌ಕೋಡಿಂಗ್ ಅಂದರೆ ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಬಗೆ. ಅತಿ ಹೆಚ್ಚು ಹೊತ್ತು ತಿಂದದ್ದು ಇದು.

ವಿಂಡೋಸ್: ಕಮಾಂಡ್ ಪ್ರಾಂಪ್ಟ್ ತೆರೆದು ಕೈಯಿಂದ ಓಡಿಸಿದರೆ ಎಲ್ಲ ಪಾಸ್. ಜೆಂಕಿನ್ಸ್ ಓಡಿಸಿದರೆ ಚಾರ್‌ಮ್ಯಾಪ್ ಕೋಡೆಕ್‌ಗೆ ಅಕ್ಷರ ಬರೆಯಲಾಗದು ಎಂಬ ದೋಷ. ಪೈಥಾನ್ 3.6ರಿಂದ ಈಚೆಗೆ ಕನ್ಸೋಲ್‌ಗೆ ನೇರ ಬರೆಯುವಾಗ ಯುಟಿಎಫ್-8 ಬಳಸುತ್ತದೆ. ಔಟ್‌ಪುಟ್ ಪೈಪ್‌ಗೆ ಹೋದರೆ ಮಾತ್ರ ಹಳೆಯ ಕೋಡ್‌ಪೇಜ್‌ಗೆ (ಸೀಮಿತ ಅಕ್ಷರಪಟ್ಟಿಗೆ) ಮರಳುತ್ತದೆ, ಇಂಗ್ಲಿಷ್ ವಿಂಡೋಸ್‌ನಲ್ಲಿ ಅದು 1252. ಅದರಲ್ಲಿ ಕನ್ನಡದ ಒಂದಕ್ಷರವೂ ಇಲ್ಲ. ಜೆಂಕಿನ್ಸ್ ಯಾವಾಗಲೂ ಪೈಪ್ ಮೂಲಕವೇ ಓದುತ್ತದೆ. ಪೈಥಾನ್‌ಯುಟಿಎಫ್8 ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್‌ಗೆ 1 ಕೊಟ್ಟರೆ ಸರಿಹೋಗುತ್ತದೆ. ಆದರೆ ಅದನ್ನು ಪೈಥಾನ್ ಏಳುವ ಮೊದಲೇ ಕೊಡಬೇಕು. ಆದ್ದರಿಂದ ಓಡಿಸುವ ಫೈಲ್ ಅದನ್ನು ಹೊಂದಿಸಿ, ಪೈಟೆಸ್ಟ್ ಅನ್ನು ಬೇರೆ ಪ್ರೊಸೆಸ್ ಆಗಿ ಎಬ್ಬಿಸುತ್ತದೆ. ತನ್ನ ಸ್ವಂತ ಔಟ್‌ಪುಟ್‌ಗೆ ಮೊದಲ ಸಾಲಿನಲ್ಲೇ ರೀಕಾನ್ಫಿಗರ್ ಮೂಲಕ ಯುಟಿಎಫ್-8 ಹೇಳಿಕೊಳ್ಳುತ್ತದೆ.

ಇಷ್ಟಕ್ಕೇ ನಿಲ್ಲಿಸಿದರೆ ಕೆಲಸ ಕೆಡುತ್ತದೆ. ಬಿಲ್ಡ್ ಯಂತ್ರದಲ್ಲಿ ಯುಟಿಎಫ್-8 ಇದೆ, ಬಳಸುವವರ ಕಂಪ್ಯೂಟರ್‌ನಲ್ಲಿ ಇಲ್ಲ. ಲೈಬ್ರರಿಯೊಳಗೆ ಎನ್‌ಕೋಡಿಂಗ್ ಹೇಳದೆ ಫೈಲ್ ತೆರೆಯುವ ಒಂದು ಸಾಲಿದ್ದರೂ ಟೆಸ್ಟ್ ಅದನ್ನು ಮುಚ್ಚಿಹಾಕುತ್ತದೆ, ಬಳಸುವವರಲ್ಲಿ ಅದು ಬೀಳುತ್ತದೆ. ವಿಂಡೋಸ್‌ನಲ್ಲಿ ಇನ್ನೊಂದು ಸುತ್ತು ಬೇಕು: ಯುಟಿಎಫ್8 ವೇರಿಯಬಲ್ ಇಲ್ಲದೆ, ಪೈಥಾನ್ 3.10ರಲ್ಲಿ ಬಂದ ವಾರ್ನ್ ಡಿಫಾಲ್ಟ್ ಎನ್‌ಕೋಡಿಂಗ್ ಆಯ್ಕೆ ಹಾಕಿ, ಎನ್‌ಕೋಡಿಂಗ್‌ವಾರ್ನಿಂಗ್ ಅನ್ನು ದೋಷವೆಂದೇ ಎಣಿಸುವಂತೆ. ಎಚ್ಚರಿಕೆಯ ಸೋಸುವಿಕೆಯನ್ನು ಲೈಬ್ರರಿಯ ಸ್ವಂತ ಮಾಡ್ಯೂಲ್‌ಗಳಿಗಷ್ಟೇ ಕಟ್ಟಬೇಕು, ಇಲ್ಲದಿದ್ದರೆ ಬೇರೆಯವರ ಪ್ಯಾಕೇಜ್‌ಗಳೇ ಬಿಲ್ಡ್ ಬೀಳಿಸುತ್ತವೆ. ಲೈಬ್ರರಿಯ ನಿಜವಾದ ದೋಷಗಳು ಸಿಕ್ಕಿದ್ದು ಈ ಸುತ್ತಿನಲ್ಲಿ. ಇದನ್ನು ಬಿಡಲೇಬೇಡಿ.

ಲಿನಕ್ಸ್: ಕ್ಲೌಡ್ ಸರ್ವರ್‌ನಲ್ಲಿ ಏಜೆಂಟ್ ಎದ್ದ ಸೆಶನ್‌ಗೆ ಲೊಕೇಲ್ ಖಾಲಿ ಇತ್ತು. ಪೈಥಾನ್ 3.7ರಿಂದ ಸಿ ಲೊಕೇಲ್ ಕಂಡರೆ ತಾನೇ ಯುಟಿಎಫ್-8ಗೆ ಬದಲಿಸಿಕೊಳ್ಳುವುದರಿಂದ ಟೆಸ್ಟ್‌ಗಳು ಪಾಸಾದವು. ಆದರೆ ಜೆಂಕಿನ್ಸ್ ಎತ್ತಿಟ್ಟ ಫೈಲ್‌ಗಳಲ್ಲಿ ಕನ್ನಡ ಹೆಸರುಗಳ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳ ಸಾಲು. ಇಲ್ಲಿ ಎಡವಿದ್ದು ಜಾವಾ. ಜಾವಾ 18ರಿಂದ ಪಠ್ಯದ ಎನ್‌ಕೋಡಿಂಗ್ ಯುಟಿಎಫ್-8 ಆಗಿದ್ದರೂ, ಲಿನಕ್ಸ್‌ನಲ್ಲಿ ಫೈಲ್ ಹೆಸರನ್ನು ಅದು ಇನ್ನೂ ಲೊಕೇಲ್ ನೋಡಿಯೇ ಓದುತ್ತದೆ. ನೋಡ್ ಸೆಟ್ಟಿಂಗ್‌ನಲ್ಲಿ ಎಲ್‌ಸಿ_ಆಲ್ ಕೊಟ್ಟರೆ ಉಪಯೋಗವಿಲ್ಲ. ಅದು ಬಿಲ್ಡ್‌ನ ಕಮಾಂಡ್‌ಗಳಿಗೆ ತಲುಪುತ್ತದೆ, ಆಗಲೇ ಎದ್ದಿರುವ ಏಜೆಂಟ್‌ನ ಜಾವಾಗೆ ಅಲ್ಲ. ಎಸ್‌ಎಸ್‌ಎಚ್ ಲಾಂಚರ್‌ನ ಮುಂದುವರಿದ ಸೆಟ್ಟಿಂಗ್‌ನಲ್ಲಿ ಏಜೆಂಟ್ ಕಮಾಂಡ್‌ನ ಮುಂದೆ ಸೇರಿಸುವ ಜಾಗವಿದೆ, ಎಲ್‌ಸಿ_ಆಲ್ ಅನ್ನು ಸಿ.ಯುಟಿಎಫ್-8 ಎಂದು ಅಲ್ಲಿ ಬರೆದು, ಕೊನೆಗೊಂದು ಖಾಲಿ ಜಾಗ ಬಿಡಿ. ಖಾಲಿ ಜಾಗ ಮರೆತರೆ ಅದು ಮುಂದಿನ ಕಮಾಂಡ್‌ಗೆ ಅಂಟಿಕೊಂಡು ಏಜೆಂಟ್ ಏಳುವುದಿಲ್ಲ.

5. ‘ಕೋಶ’ ಎಂಬ ಫೈಲ್, ಮತ್ತು ಗಿಟ್

‘ಕೋಶ’ ಪದವನ್ನು ಯೂನಿಕೋಡ್‌ನಲ್ಲಿ ಎರಡು ಬಗೆಯಲ್ಲಿ ಬರೆಯಬಹುದು. ಜೋಡಿಸಿದ ರೂಪದಲ್ಲಿ ಮೂರು ಸಂಕೇತ: ಕ, ಓತ್ವ, ಶ. ಬಿಡಿಸಿದ ರೂಪದಲ್ಲಿ ಐದು: ಕ, ಎತ್ವ, ಕೊಂಬಿನ ಇಳಿ, ದೀರ್ಘ, ಶ. ಯುಟಿಎಫ್-8ರಲ್ಲಿ 9 ಬೈಟ್ ಮತ್ತು 15 ಬೈಟ್. ಪರದೆಯ ಮೇಲೆ ವ್ಯತ್ಯಾಸವಿಲ್ಲ.

ಎರಡೂ ರೂಪದ ಹೆಸರಿನಲ್ಲಿ ಫೈಲ್ ಮಾಡಿ ಫೋಲ್ಡರ್ ಎಣಿಸುವ ಟೆಸ್ಟ್ ಲಿನಕ್ಸ್‌ನ ಫೈಲ್ ವ್ಯವಸ್ಥೆಯಾದ ಇಎಕ್ಸ್‌ಟಿ4ನಲ್ಲಿ 2 ಕೊಟ್ಟಿತು, ವಿಂಡೋಸ್‌ನ ಎನ್‌ಟಿಎಫ್‌ಎಸ್‌ನಲ್ಲೂ 2. ಮ್ಯಾಕ್‌ನ ಎಪಿಎಫ್‌ಎಸ್‌ನಲ್ಲಿ 1. ಎಪಿಎಫ್‌ಎಸ್ ಕೊಟ್ಟ ಹೆಸರನ್ನು ಕೊಟ್ಟಂತೆಯೇ ಉಳಿಸುತ್ತದೆ, ಆದರೆ ಹುಡುಕುವಾಗ ಎರಡನ್ನೂ ಒಂದೇ ಎಂದು ನೋಡುತ್ತದೆ. ಎರಡನೇ ಬರವಣಿಗೆ ಮೊದಲ ಫೈಲ್ ಮೇಲೆಯೇ ಬಿತ್ತು. ಹಳೆಯ ಎಚ್‌ಎಫ್‌ಎಸ್ ಪ್ಲಸ್ ಆದರೆ ಹೆಸರನ್ನೇ ಬಿಡಿಸಿ ಇಡುತ್ತಿತ್ತು. ಇಲ್ಲಿ ಟೆಸ್ಟ್ ಅನ್ನು ಮ್ಯಾಕ್‌ನಲ್ಲಿ ಬಿಟ್ಟುಬಿಡುವುದು ಸುಲಭದ ದಾರಿ, ತಪ್ಪಾದ ದಾರಿ. ಲೈಬ್ರರಿ ಹೆಸರನ್ನು ಬರೆಯುವ ಮೊದಲೇ ಎನ್‌ಎಫ್‌ಸಿಗೆ (ಜೋಡಿಸಿದ ರೂಪಕ್ಕೆ) ತರುವಂತೆ ಬದಲಿಸಿ, ಎಲ್ಲ ಕಡೆಯೂ 1 ಬರಬೇಕು ಎಂದು ಟೆಸ್ಟ್ ತಿದ್ದಿದೆ.

ಗಿಟ್ ಬದಿಯಲ್ಲಿ ಬೇಕಾದ ತಿದ್ದುಪಡಿಗಳು:

ಸಾಲಿನ ಕೊನೆ. ವಿಂಡೋಸ್‌ನ ಗಿಟ್ ಇನ್‌ಸ್ಟಾಲರ್ ಮೊದಲಿಗೇ ಆಟೊಸಿಆರ್‌ಎಲ್‌ಎಫ್ (ಸಾಲಿನ ಕೊನೆಯ ಎಲ್‌ಎಫ್ ಸಂಕೇತವನ್ನು ಸಿಆರ್-ಎಲ್‌ಎಫ್ ಜೋಡಿ ಮಾಡುವ ಆಯ್ಕೆ) ಆನ್ ಮಾಡುತ್ತದೆ. ನಿರೀಕ್ಷಿತ ಫಲಿತಾಂಶದ ಫೈಲ್‌ಗಳಲ್ಲಿ ಪ್ರತಿ ಸಾಲಿಗೂ ಒಂದು ಬೈಟ್ ಹೆಚ್ಚಿ ಹೋಲಿಕೆಗಳೆಲ್ಲ ಬಿದ್ದವು. ಯಂತ್ರದ ಸೆಟ್ಟಿಂಗ್ ಮುಟ್ಟಬೇಡಿ, ರೆಪೊಸಿಟರಿಯ ಗಿಟ್‌ಆಟ್ರಿಬ್ಯೂಟ್ಸ್ ಫೈಲ್‌ನಲ್ಲೇ ಪಠ್ಯಕ್ಕೆ ಎಲ್‌ಎಫ್ ಎಂದೂ ಫಾಂಟ್‌ಗಳು ಬೈನರಿ ಎಂದೂ ಬರೆಯಿರಿ. ಬರೆದ ಮೇಲೆ ಒಮ್ಮೆ ರೀನಾರ್ಮಲೈಸ್ ಆಯ್ಕೆಯೊಂದಿಗೆ ಗಿಟ್ ಆ್ಯಡ್ ಮಾಡಬೇಕು.

ಕನ್ನಡ ಹೆಸರುಗಳು. ಬದಲಾದ ಫೈಲ್‌ಗಳ ಟೆಸ್ಟ್ ಮಾತ್ರ ಓಡಿಸಲು ಗಿಟ್ ಡಿಫ್‌ನಿಂದ ಪಟ್ಟಿ ತೆಗೆಯುತ್ತಿತ್ತು. ಕನ್ನಡ ಹೆಸರಿನ ಫೈಲ್‌ಗಳು ಅದರಲ್ಲಿ \340\262 ಎಂಬಂಥ ಅಂಕಿಗಳ ಸರಮಾಲೆಯಾಗಿ ಬಂದು ಯಾವ ಟೆಸ್ಟ್‌ಗೂ ಹೊಂದಲಿಲ್ಲ. ಕೋರ್ ಕೋಟ್‌ಪಾತ್ ಅನ್ನು ಫಾಲ್ಸ್ ಮಾಡಿದರೆ ಹೆಸರುಗಳು ಹೆಸರಾಗಿಯೇ ಬರುತ್ತವೆ.

ಉದ್ದದ ದಾರಿ. ವಿಂಡೋಸ್‌ನ ಹಳೆಯ 260 ಅಕ್ಷರದ ಮಿತಿ ಜೆಂಕಿನ್ಸ್‌ನ ಆಳವಾದ ಫೋಲ್ಡರ್‌ಗಳಲ್ಲಿ ಬೇಗ ಮುಟ್ಟುತ್ತದೆ. ಕೋರ್ ಲಾಂಗ್‌ಪಾತ್ಸ್ ಆನ್ ಮಾಡಿ, ಏಜೆಂಟ್‌ನ ಮೂಲ ಫೋಲ್ಡರ್ ಅನ್ನು ಸಿ ಡ್ರೈವ್‌ನ ಮೇಲುಗಡೆಯೇ ಒಂದಕ್ಷರದ ಹೆಸರಿನಲ್ಲಿ ಇಡಿ. ಆ ಫೋಲ್ಡರ್ ಅನ್ನು ಡಿಫೆಂಡರ್‌ನ ಸ್ಕ್ಯಾನ್‌ನಿಂದಲೂ ಹೊರಗಿಡಿ, ಇಲ್ಲದಿದ್ದರೆ ಫೈಲ್ ಬಳಕೆಯಲ್ಲಿದೆ ಎಂದು ಅಳಿಸುವಿಕೆ ಆಗಾಗ ಬೀಳುತ್ತದೆ.

6. ವಿಂಗಡಣೆ, ಫಾಂಟ್

ಸಿ ಲೊಕೇಲ್ ಯೂನಿಕೋಡ್ ಸಂಖ್ಯೆಯಂತೆ ವಿಂಗಡಿಸುತ್ತದೆ. ಹಾಗೆ ಮಾಡಿದರೆ ‘ಳ’ ಬರುವುದು ‘ಲ’ ಮತ್ತು ‘ವ’ ನಡುವೆ. ವರ್ಣಮಾಲೆಯಲ್ಲಿ ಅದರ ಜಾಗ ‘ಹ’ ಆದ ಮೇಲೆ. ಸಿಸ್ಟಮ್‌ನ ಲೊಕೇಲ್ ನಂಬಿದರೆ ಯಂತ್ರಕ್ಕೊಂದು ಫಲಿತಾಂಶ. ಲಿನಕ್ಸ್ ಲಿನಕ್ಸ್ ನಡುವೆಯೂ ಹೊಂದಾಣಿಕೆ ಖಚಿತವಿಲ್ಲ: 2018ರ ಜಿಲಿಬ್‌ಸಿ 2.28ರಲ್ಲಿ ವಿಂಗಡಣೆಯ ದತ್ತಾಂಶವೇ ಬದಲಾಯಿತು. ಉಬುಂಟು 22.04ರಲ್ಲಿ 2.35, 24.04ರಲ್ಲಿ 2.39 ಇದೆ, ಎರಡೂ ಆ ಬದಲಾವಣೆಯ ಈಚೆಗಿನವು. ಹಾಗಿದ್ದೂ ಎರಡರಲ್ಲೂ ಓಡಿಸಿ ನೋಡದೆ ಒಂದೇ ಎಂದು ಬರೆದುಕೊಳ್ಳಬಾರದು. ಲೈಬ್ರರಿ ತನ್ನದೇ ಕ್ರಮಪಟ್ಟಿ ಇಟ್ಟುಕೊಂಡ ಮೇಲೆ ನಾಲ್ಕೂ ಯಂತ್ರದ ಉತ್ತರ ಒಂದಾಯಿತು.

ಅಕ್ಷರ ಜೋಡಣೆಗೆ ಮೊದಲು ಚಿತ್ರ ಹೋಲಿಕೆ ಮಾಡಿತ್ತು: ‘ಸ್ತ್ರೀ’, ‘ಅರ್ಕ’, ‘ರ‍್ಯಾಂಕ್’ ಮುಂತಾದ ಪದಗಳನ್ನು ಪಿಎನ್‌ಜಿ ಮಾಡಿ ಪಿಕ್ಸೆಲ್ ಹೋಲಿಸುವುದು. ಇದು ಕೈಗೂಡುವ ದಾರಿಯಲ್ಲ. ವಿಂಡೋಸ್ ನಿರ್ಮಲಾ ಯುಐ ಅಥವಾ ತುಂಗಾ ಹಿಡಿಯುತ್ತದೆ, ಮ್ಯಾಕ್ ತನ್ನದೇ ಇನ್ನೊಂದನ್ನು, ಉಬುಂಟು ಇದ್ದುದನ್ನು. ಒಂದೇ ಫಾಂಟ್ ಕೊಟ್ಟರೂ ಅಂಚುಗಳನ್ನು ನಯ ಮಾಡುವ ಬಗೆ ಬೇರೆ ಬೇರೆ. ಬದಲಿಗೆ ನೋಟೊ ಸಾನ್ಸ್ ಕನ್ನಡ ಫಾಂಟ್ ಫೈಲ್ ಅನ್ನು ರೆಪೊಸಿಟರಿಯಲ್ಲೇ ಇಟ್ಟು, ಅಕ್ಷರ ಜೋಡಿಸುವ ಎಂಜಿನ್ ಹಾರ್ಫ್‌ಬಝ್‌ನ ಪೈಥಾನ್ ಪ್ಯಾಕೇಜ್‌ನ ಒಂದೇ ಆವೃತ್ತಿ ಲಾಕ್ ಮಾಡಿ, ಅದು ಕೊಡುವ ಗ್ಲಿಫ್ (ಫಾಂಟ್‌ನ ಒಂದೊಂದು ಆಕಾರ) ಸಂಖ್ಯೆಗಳ ಸಾಲನ್ನು ಹೋಲಿಸಿ. ‘ರ‍್ಯಾಂಕ್’ ಪದದಲ್ಲಿ ಕಣ್ಣಿಗೆ ಕಾಣದ ಝಡ್‌ಡಬ್ಲ್ಯುಜೆ (ಅಗಲವಿಲ್ಲದ ಜೋಡಕ ಸಂಕೇತ) ಇದೆ. ಕೆಲವು ಎಡಿಟರ್‌ಗಳು ಉಳಿಸುವಾಗ ಅದನ್ನು ನುಂಗುತ್ತವೆ, ಆಗ ಅರ್ಕಾವೊತ್ತು ಬಂದು ಟೆಸ್ಟ್ ಬೀಳುತ್ತದೆ. ಇಂಥ ಪದಗಳನ್ನು ಟೆಸ್ಟ್‌ನಲ್ಲಿ ಯೂನಿಕೋಡ್ ಸಂಖ್ಯೆಗಳಾಗಿಯೇ ಬರೆಯುವುದು ಕ್ಷೇಮ.

7. ಗಡಿಯಾರ

ರಾತ್ರಿ 2 ಗಂಟೆಯ ಪೂರ್ಣ ಬಿಲ್ಡ್‌ನಲ್ಲಿ ದಿನಾಂಕದ ಟೆಸ್ಟ್ ಬೀಳುತ್ತಿತ್ತು, ಹಗಲು ಪಾಸ್. ಕ್ಲೌಡ್ ಸರ್ವರ್ ಜಾಗತಿಕ ಪ್ರಮಾಣ ಸಮಯವಾದ ಯುಟಿಸಿಯಲ್ಲಿದೆ. ನಮ್ಮ ಮಧ್ಯರಾತ್ರಿಯಿಂದ ಬೆಳಗ್ಗೆ 5:30ರವರೆಗೆ ಅಲ್ಲಿ ಇನ್ನೂ ನಿನ್ನೆಯ ತಾರೀಖು. ಟೆಸ್ಟ್‌ಗಳಲ್ಲಿ ಏಷ್ಯಾ/ಕೋಲ್ಕತಾ ಎಂದು ಟೈಮ್‌ಜೋನ್ ಸ್ಪಷ್ಟವಾಗಿ ಕೊಡಿ. ವಿಂಡೋಸ್‌ನಲ್ಲಿ ಪೈಥಾನ್‌ನ ಟೈಮ್‌ಜೋನ್ ಮಾಡ್ಯೂಲ್ ಝೋನ್‌ಇನ್ಫೋಗೆ ಬೇಕಾದ ದತ್ತಾಂಶ ಇರುವುದಿಲ್ಲ, ಟಿಝಡ್‌ಡೇಟಾ ಪ್ಯಾಕೇಜ್ ಸೇರಿಸಬೇಕು.

ವಿಂಡೋಸ್ ಪಿಸಿಯ ಗಡಿಯಾರ ಹಿಂದೆ ಬಿದ್ದಿದ್ದಾಗ ಜೆಯೂನಿಟ್ ಹಂತ (ಟೆಸ್ಟ್‌ಗಳ ಎಕ್ಸ್‌ಎಂಎಲ್ ವರದಿ ಓದುವುದು) ಬಿತ್ತು: ವರದಿ ಇದೆ, ಆದರೆ ಯಾವುದೂ ಹೊಸದಲ್ಲ ಎಂಬ ಸಂದೇಶ. ಆಗ ತಾನೇ ಬರೆದ ಫೈಲ್ ಬಿಲ್ಡ್ ಶುರುವಾಗುವ ಮೊದಲಿನದೆಂದು ಕಂಡಿತ್ತು. ಜೆಂಕಿನ್ಸ್‌ನ ನೋಡ್ ಪುಟ ಪ್ರತಿ ಏಜೆಂಟ್‌ನ ಗಡಿಯಾರದ ವ್ಯತ್ಯಾಸ ತೋರಿಸುತ್ತದೆ, ಟೆಸ್ಟ್‌ನ ಮೇಲೆ ಕೈಯಿಡುವ ಮೊದಲು ಅಲ್ಲಿ ನೋಡಿ.

8. ಒಟ್ಟಿಗೆ ಓಡಿಸುವುದು

ಪ್ರತಿ ಯಂತ್ರಕ್ಕೆ ಎಕ್ಸಿಕ್ಯೂಟರ್ 1. ಎರಡು ಕೊಟ್ಟು, ಮೇಲೆ ಎಕ್ಸ್‌ಡಿಸ್ಟ್‌ಗೆ (ಟೆಸ್ಟ್‌ಗಳನ್ನು ಹಲವು ವರ್ಕರ್ ಪ್ರೊಸೆಸ್‌ಗಳಿಗೆ ಹಂಚುವ ಪೈಟೆಸ್ಟ್ ಪ್ಲಗಿನ್) ಆಟೊ ಎಂದರೆ ಎರಡು ಬಿಲ್ಡ್‌ಗಳೂ ಎಲ್ಲ ಕೋರ್‌ಗಳನ್ನೂ ಬಯಸಿ, ಸಮಯಮಿತಿಯ ಟೆಸ್ಟ್‌ಗಳು ವಿನಾಕಾರಣ ಬೀಳುತ್ತವೆ. 8 ಜಿಬಿ ಮ್ಯಾಕ್‌ಗೆ 4 ವರ್ಕರ್ ಸಾಕು.

ವರ್ಕರ್‌ಗಳು ಬೇರೆ ಬೇರೆ ಟೆಸ್ಟ್ ಸಂಗ್ರಹಿಸಿವೆ ಎಂಬ ದೋಷ ಬಂದರೆ ಪ್ಯಾರಾಮೀಟರ್ ಪಟ್ಟಿ ಸೆಟ್‌ನಿಂದ ಬಂದಿದೆಯೇ ನೋಡಿ. ಪ್ರತಿ ಪ್ರೊಸೆಸ್‌ನಲ್ಲೂ ಸೆಟ್‌ನ ಕ್ರಮ ಬೇರೆಯಾಗಬಹುದು. ಸಾರ್ಟ್ ಮಾಡಿ ಕೊಟ್ಟರೆ ಮುಗಿಯಿತು.

ಟೈಮ್‌ಔಟ್ ಪ್ಲಗಿನ್ ಲಿನಕ್ಸ್ ಮತ್ತು ಮ್ಯಾಕ್‌ನಲ್ಲಿ ಸಿಗ್ನಲ್ ಬಳಸಿ ಆ ಒಂದು ಟೆಸ್ಟ್ ಅನ್ನಷ್ಟೇ ಬೀಳಿಸುತ್ತದೆ. ವಿಂಡೋಸ್‌ನಲ್ಲಿ ಸಿಗ್ನಲ್ ಸಿಗದ ಕಾರಣ ಥ್ರೆಡ್ ದಾರಿ, ಅದು ಇಡೀ ಪ್ರೊಸೆಸ್ ಅನ್ನೇ ಕೊಲ್ಲುತ್ತದೆ, ಎಕ್ಸ್‌ಎಂಎಲ್ ವರದಿ ಬರೆಯುವುದಕ್ಕೂ ಬಿಡುವಿಲ್ಲ. ಅಲ್ಲಿ ಒಂದೇ ವರ್ಕರ್ ಆದರೂ ಎಕ್ಸ್‌ಡಿಸ್ಟ್ ಕೆಳಗೇ ಓಡಿಸಿ. ಸಾಯುವುದು ವರ್ಕರ್, ಮುಖ್ಯ ಪ್ರೊಸೆಸ್ ಉಳಿದು ಯಾವ ಟೆಸ್ಟ್‌ನಲ್ಲಿ ಸತ್ತಿತೆಂದು ವರದಿ ಬರೆಯುತ್ತದೆ.

ನಾಲ್ಕು ಯಂತ್ರದ ವರದಿಯಲ್ಲೂ ಟೆಸ್ಟ್ ಹೆಸರು ಒಂದೇ. ಪೈಟೆಸ್ಟ್‌ನ ಜೆಯೂನಿಟ್ ಪ್ರಿಫಿಕ್ಸ್ ಆಯ್ಕೆಗೆ ಯಂತ್ರದ ಹೆಸರು ಕೊಟ್ಟರೆ ಬಿದ್ದದ್ದು ಎಲ್ಲಿ ಎಂದು ಒಂದೇ ನೋಟಕ್ಕೆ ತಿಳಿಯುತ್ತದೆ.

9. ಕೆಂಪಾಗಬಲ್ಲದೇ ಎಂಬ ಪರೀಕ್ಷೆ

3ನೇ ಹಂತದ ಸುಳ್ಳು ಹಸಿರು ಮತ್ತೆ ಬಾರದಿರಲು ಎರಡು ಕಾವಲು. ಮೊದಲನೆಯದು, ಓಡಿಸುವ ಫೈಲ್ ಕೊನೆಗೆ ಎಕ್ಸ್‌ಎಂಎಲ್ ವರದಿ ತೆರೆದು ಓಡಿದ ಟೆಸ್ಟ್‌ಗಳ ಸಂಖ್ಯೆಯನ್ನೂ ಬಿಟ್ಟ ಟೆಸ್ಟ್‌ಗಳ ಸಂಖ್ಯೆಯನ್ನೂ ಆ ಯಂತ್ರಕ್ಕೆ ಬರೆದಿಟ್ಟ ಮಿತಿಯೊಂದಿಗೆ ಹೋಲಿಸುತ್ತದೆ. ಒಂದೂ ಟೆಸ್ಟ್ ಸಿಗದಿದ್ದರೆ ಪೈಟೆಸ್ಟ್ ತಾನೇ 5 ಕೊಡುತ್ತದೆ, ಆದರೆ ಅರ್ಧ ಟೆಸ್ಟ್‌ಗಳು ಸದ್ದಿಲ್ಲದೆ ಸ್ಕಿಪ್ ಆದರೆ ಅದಕ್ಕೆ ಚಿಂತೆಯಿಲ್ಲ. ಎರಡನೆಯದು, ವಾರಕ್ಕೊಮ್ಮೆ ಪ್ರತಿ ಏಜೆಂಟ್‌ನಲ್ಲೂ ಬೀಳಲೇಬೇಕಾದ ಒಂದು ಟೆಸ್ಟ್ ಓಡುವ ಬೇರೆ ಜಾಬ್. ಅದರಲ್ಲಿ ಹಸಿರು ಬಂದ ಏಜೆಂಟ್ ಅನ್ನು ಆಫ್‌ಲೈನ್ ಮಾಡಿ ಮೇಲ್ ಹೋಗುತ್ತದೆ. ಹೊಸ ಯಂತ್ರ ಸೇರಿಸುವಾಗಲೂ ಮೊದಲು ಓಡಿಸಬೇಕಾದದ್ದು ಈ ಜಾಬ್ ಅನ್ನೇ.

ಬಾಕಿ: ವಿಂಡೋಸ್ ಅಪ್‌ಡೇಟ್‌ನ ಆ್ಯಕ್ಟಿವ್ ಅವರ್ಸ್ (ಯಂತ್ರ ತಾನಾಗಿ ರೀಸ್ಟಾರ್ಟ್ ಆಗದ ಅವಧಿ) 18 ಗಂಟೆಗಿಂತ ಹೆಚ್ಚು ಹಾಕಲು ಬಿಡುವುದಿಲ್ಲ. ಉಳಿದ 6 ಗಂಟೆಯನ್ನು ಸದ್ಯಕ್ಕೆ ಬೆಳಗ್ಗೆ 4ರಿಂದ 10ಕ್ಕೆ ಇಟ್ಟಿದೆ, 2 ಗಂಟೆಯ ಬಿಲ್ಡ್ ಅಷ್ಟರೊಳಗೆ ಮುಗಿಯುತ್ತದೆ. ಟೆಸ್ಟ್‌ಗಳು ಹೆಚ್ಚಾದಂತೆ ಎರಡು ಲಿನಕ್ಸ್ ಯಂತ್ರಗಳ ನಡುವೆ ಪೈಟೆಸ್ಟ್ ಸ್ಪ್ಲಿಟ್‌ನಿಂದ ಹಂಚುವ ಯೋಚನೆಯಿದೆ. ಆದರೆ ಹಂಚಿದರೆ ಎರಡು ಜಿಲಿಬ್‌ಸಿಗಳಲ್ಲೂ ಪೂರ್ತಿ ಓಡಿಸುವ ಲಾಭ ಹೋಗುತ್ತದೆ, ಆದ್ದರಿಂದ ರಾತ್ರಿಯ ಬಿಲ್ಡ್ ಅನ್ನು ಹಂಚದೆ ಉಳಿಸಿ ಹಗಲಿನದನ್ನು ಮಾತ್ರ ಹಂಚಬೇಕು.